‘ಆತು’ ಎಂಬ ಗುಂಡಿ

ಕುಮಟೆ ಪೇಟೆಯಿಂದ ಸಮುದ್ರದ ದಿಕ್ಕಿಗೆ ಹೊರಟು ಹೊಳನಗದ್ದೆ ಮುಟ್ಟಿದರೆ, ಗದ್ದೆ ಬಯಲಿನ ಅಂಚಿಗೆ ಹಂಚು ಹೊದೆಸಿದ ಒಂದು ಸಣ್ಣ ಮನೆ ಸಿಗುತ್ತದೆ. ಅದರ ಮುಂದಿನ ಕೋಣೆಯ ಕಿಟಕಿ ಹಾಡುಹಗಲಲ್ಲೂ ಮುಚ್ಚಿರುತ್ತದೆ. ಬೆಳಕು ಬಿದ್ದರೆ ಕಂಪ್ಯೂಟರಿನ ಪರದೆ ಕಾಣುವುದಿಲ್ಲ, ಅದಕ್ಕೆ ಮುಚ್ಚಿದ್ದು. ಕೇರಿಯವರು ಬೇರೆ ಬೇರೆ ಕಾರಣ ಕಟ್ಟಿ ಹೇಳಿಕೊಂಡು ಒಂದಷ್ಟು ವರ್ಷ ಕಳೆದರು; ಆಮೇಲೆ ಅವರಿಗೂ ಬೇಸರ ಬಂತು.

ಆ ಮನೆಯಲ್ಲಿ ಇರುವವನು ಮಾಬ್ಲೇಶ್ವರ ಪಟಗಾರ, ಒಬ್ಬನೇ. ವಯಸ್ಸು ನಲವತ್ತೊಂದು. ಕುಮಟೆಯ ಕಾಲೇಜಿನಲ್ಲಿ ಮೂರು ವರ್ಷ ಓದಿ, ಒಂದು ಝೆರಾಕ್ಸ್ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪು ಮಾಡುತ್ತ, ಉಳಿದ ಹೊತ್ತಿನಲ್ಲಿ ಪ್ರೋಗ್ರಾಮು ಬರೆಯುವುದನ್ನು ತಾನೇ ತಡಕಾಡಿ ಕಲಿತವನು. ಈಗ ಯಾವ ಕಂಪನಿಯ ಆಳೂ ಅಲ್ಲ. ಬೇಕು ಎಂದವರಿಗೆ ಬೇಕಾದ ಪ್ರೋಗ್ರಾಮು ಬರೆದುಕೊಡುವುದು ಅವನ ಕಸುಬು. ಬಡಗಿ ಮನೆಮನೆಗೆ ಹೋಗಿ ಬಾಗಿಲು ಮಾಡಿಕೊಟ್ಟ ಹಾಗೆ ಅನ್ನಿ. ಆದರೆ ಬಡಗಿ ಮಾಡಿದ ಬಾಗಿಲನ್ನು ಊರವರು ದಿನಾ ತೆರೆಯುತ್ತಾರೆ, ಮುಚ್ಚುತ್ತಾರೆ, ಕಿರ್ ಎಂದರೆ ಬೈಯುತ್ತಾರೆ. ಮಾಬ್ಲೇಶ್ವರ ಮಾಡಿದ್ದು ಊರಿನಲ್ಲಿ ಎಲ್ಲೂ ಇಲ್ಲ. ಅವನ ಗಿರಾಕಿಗಳೆಲ್ಲ ಸಮುದ್ರದ ಆಚೆಯವರು. ಹಳೆಯ ಗಿರಾಕಿ ಡೆನ್ಮಾರ್ಕಿನವನು, ಸೈಕಲ್ ಸಾಮಾನು ಮಾರುವವನು. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಇವನು ಅವನ ದನಿ ಕೇಳಿದ್ದಿಲ್ಲ. ಅವನು ಬರೆಯುತ್ತಾನೆ, ಇವನು ಬರೆಯುತ್ತಾನೆ. ಬೇಕಾದರೆ ಬೇಕು ಎಂದು ಬರೆಯುತ್ತಾನೆ, ಬೇಡವಾದರೆ ಬೇಡ ಎಂದು. ಅವನ ನಾಯಿ ಸತ್ತದ್ದು ಮಾಬ್ಲೇಶ್ವರನಿಗೆ ಗೊತ್ತು. ಮಾಬ್ಲೇಶ್ವರನ ತಂದೆ ತೀರಿಹೋದದ್ದು ಅವನಿಗೆ ಗೊತ್ತಿಲ್ಲ. ಹೇಳುವ ಸಂದರ್ಭ ಬರಲಿಲ್ಲ.

ಕೇರಿಯ ಲೆಕ್ಕದಲ್ಲಿ ಮಾತ್ರ ಅವನು ರಿಪೇರಿಯವನು. ಕಂಪ್ಯೂಟರು ಗೊತ್ತಿದ್ದವನಿಗೆ ಟಿವಿ ರಿಮೋಟು ಗೊತ್ತಿಲ್ಲದೆ ಇರುತ್ತದೆಯೇ? ಮೊಬೈಲು ತಂದರು, ಇಸ್ತ್ರಿ ಪೆಟ್ಟಿಗೆ ತಂದರು. ಇದಿರು ಮನೆಯ ಗಣಪಿ ಒಮ್ಮೆ ಮಿಕ್ಸರನ್ನೇ ಹೊತ್ತು ತಂದು ಜಗುಲಿಯ ಮೇಲೆ ಇಟ್ಟಳು. ರಿಪೇರಿ ತನ್ನ ಕೆಲಸವಲ್ಲ ಎಂದು ಅವನು ಎಲ್ಲರಿಗೂ ಹೇಳುವ ಹಾಗೆ ಅವಳಿಗೂ ಹೇಳಿದ. ಆ ಒಂದು ವಿಷಯದಲ್ಲಿ ಅವನು ಬಲು ಬಿಗಿ. ಸ್ಕ್ರೂಡ್ರೈವರು ಮುಟ್ಟಿದರೆ ತನ್ನ ವಿದ್ಯೆಗೆ ಬೆಲೆ ಹೋಯಿತು ಎಂದೇ ತಿಳಿದಿದ್ದ. ಗಣಪಿ ಸಿಟ್ಟಾಗಲಿಲ್ಲ, ಸೊಂಟದ ಮೇಲೆ ಕೈಯಿಟ್ಟು ಸುಮ್ಮನೆ ಕೇಳಿದಳು.

“ಹಂಗಾರೆ ದಿನಾ ಒಳಗೆ ಕೂತ್ಕಂಡು ನೀ ಎಂತ ಮಾಡ್ತೆ ಮಾಬ್ಲಾ?”

ಅವನಲ್ಲಿದ್ದ ಉತ್ತರ ಗಣಪಿಗೆ ತಿಳಿಯುವಂಥದ್ದಾಗಿರಲಿಲ್ಲ. ಮಿಕ್ಸರು ಎತ್ತಿಕೊಂಡು ಅವಳು ಹೋದಳು, ಪ್ರಶ್ನೆ ಜಗುಲಿಯ ಮೇಲೆಯೇ ಉಳಿಯಿತು. ಒಂದೇ ಒಂದು ಕೆಲಸ, ಈ ಊರಿನ ಸುತ್ತಮುತ್ತ, ನಾಲ್ಕು ಜನ ಕೈಯಲ್ಲಿ ಹಿಡಿದು ನೋಡುವಂಥದ್ದು ಮಾಡಬೇಕು ಎಂಬ ಆಸೆ ಅವನಿಗೆ ಹತ್ತಿದ್ದು ಅವತ್ತಿನಿಂದ.

ಹೊನ್ನಾವರದಲ್ಲಿ ಅವನ ಅಕ್ಕ ಮಂಗಲಾ ಇದ್ದಾಳೆ. ಇವನಿಗಿಂತ ಹತ್ತು ವರ್ಷ ದೊಡ್ಡವಳು. ತಾಯಿ ಹೋದಾಗ ಇವನಿಗೆ ಹನ್ನೆರಡು. ಎತ್ತಿ ಆಡಿಸಲಿಕ್ಕೆ ದೊಡ್ಡವನಾಗಿದ್ದ, ಆದರೂ ಅವಳೇ ಸಾಕಿದಳು. ಗಂಡನೊಟ್ಟಿಗೆ ಬಂದರದ ಹತ್ತಿರ ಒಂದು ಖಾನಾವಳಿ ನಡೆಸುತ್ತಾಳೆ. ಬೋಟಿನವರು, ಐಸು ಹೊರುವವರು, ಲಾರಿಯವರು ಅಲ್ಲಿ ಉಣ್ಣುತ್ತಾರೆ. ಮಾಬ್ಲೇಶ್ವರ ಪ್ರತಿ ಭಾನುವಾರ ಬಸ್ಸು ಹತ್ತಿ ಹೋಗಿ, ಮೂಲೆಯ ಮೇಜಿನಲ್ಲಿ ಉಂಡು ಬರುತ್ತಾನೆ. ವಾರದಲ್ಲಿ ಅವನು ಬಾಯಿ ಬಿಚ್ಚಿ ಆಡುವ ಮಾತಿನ ಬಹುಪಾಲು ಅಲ್ಲಿಯೇ ಮುಗಿಯುತ್ತಿತ್ತು. ಅದೂ ಎಷ್ಟು, ಅನ್ನ ಹಾಕಲೇ, ಹಾಕು, ಸಾಕು.

ಕಳೆದ ವರ್ಷ ಜೂನ್ ತಿಂಗಳಲ್ಲಿ ಅವನಿಗೊಂದು ಫೋನು ಬಂತು. ಮಾತಾಡಿದವರು ಬಂದರದ ಐಸ್ ಫ್ಯಾಕ್ಟರಿಯ ಮೋಹನ ಮೇಸ್ತ. ನೀನು ಅದೇನೋ ಪ್ರೋಗ್ರಾಮು ಬರೆಯುತ್ತೀಯಂತೆ, ಒಂದು ದಿನ ಬಂದು ಹೇಳು, ಕೇಳುತ್ತೇನೆ ಎಂದರು. ಹೆಸರು ಎಲ್ಲಿ ಸಿಕ್ಕಿತು ಎಂದು ಇವನು ಕೇಳಲಿಲ್ಲ. ಕೆಲಸದ ಸುದ್ದಿ ತನ್ನಷ್ಟಕ್ಕೆ ಹಬ್ಬಿರಬೇಕು ಎಂದುಕೊಂಡು ಒಳಗೊಳಗೇ ಹಿಗ್ಗಿದ.

ಐಸ್ ಫ್ಯಾಕ್ಟರಿಯಲ್ಲಿ ಎಂತ ಬೇಕು ಎಂಬುದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಖಾನಾವಳಿಯ ಮೂಲೆಯಲ್ಲಿ ಕೂತು ವರ್ಷಗಟ್ಟಲೆ ಕೇಳಿದ್ದ. ಸೀಜನ್ನು ಶುರುವಾದರೆ ಐಸಿಗೆ ನೂಕುನುಗ್ಗಲು. ಪಾಳಿಯ ಪಟ್ಟಿ ಗುಮಾಸ್ತನ ಪುಸ್ತಕದಲ್ಲಿ. ನನ್ನ ಬೋಟು ಮೊದಲು ಬರೆಸಿದ್ದು, ನಿನ್ನದು ಹೇಗೆ ಮೇಲೆ ಬಂತು ಎಂದು ದಿನಾ ಬೆಳಗ್ಗೆ ಗಲಾಟೆ. ಆ ಪಾಳಿಯನ್ನು ಎಲ್ಲರ ಮೊಬೈಲಿಗೆ ತಂದುಬಿಟ್ಟರೆ ಜಗಳವೇ ಇಲ್ಲ. ಬೋಟಿನವನು ಮನೆಯಲ್ಲಿ ಕೂತೇ ತನ್ನ ಪಾಳಿ ಎಷ್ಟನೆಯದು ಎಂದು ನೋಡಬಹುದು.

ಹೋಗುವ ಮೊದಲು ಮೂರು ದಿನ ಕನ್ನಡಿಯ ಮುಂದೆ ನಿಂತು ಹೇಳುವುದನ್ನೆಲ್ಲ ಹೇಳಿ ನೋಡಿದ. ತನ್ನ ದನಿಯೇ ಬಾವಿಯ ಗಡಗಡೆಯ ಹಾಗೆ ಕಿರುಗುಟ್ಟುವುದು ಕೇಳಿ ಅವನಿಗೇ ಆಶ್ಚರ್ಯವಾಯಿತು.

ಮಳೆಗಾಲದಲ್ಲಿ ಮೀನುಗಾರಿಕೆ ಬಂದ್. ಬೋಟುಗಳೆಲ್ಲ ದಡದಲ್ಲಿ ತಾಡಪಾಲು ಹೊದ್ದು ಮಲಗಿದ್ದವು. ಐಸು ಯಂತ್ರ ನಿಂತಿತ್ತು. ಮಹಡಿಯ ಆಫೀಸಿನಲ್ಲಿ ಮೋಹನ ಮೇಸ್ತ ಹುರಿದ ಶೇಂಗಾ ಸುಲಿಯುತ್ತ ಕೂತಿದ್ದರು. ಆ ಎರಡು ತಿಂಗಳು ಅವರಿಗೆ ಹೊತ್ತು ಹೋಗುವುದೇ ಕಷ್ಟ. ಗೋಡೆಯ ಟಿವಿಯಲ್ಲಿ ಫ್ಯಾಕ್ಟರಿಯ ನಾಲ್ಕು ಮೂಲೆಯ ಕ್ಯಾಮರಾ ಚಿತ್ರ ಬರಬೇಕು, ಮೂರೇ ಬರುತ್ತಿತ್ತು. ನಾಲ್ಕನೆಯದು ಕಪ್ಪಗೆ ಬಿದ್ದಿತ್ತು.

“ಬಾ ತಮಾ, ಕೂತ್ಕ. ಅದಕ್ಕೆ ಎಂತ ಆಗ್ಯದೆ, ಒಂಚೂರು ನೋಡು ಮೊದ್ಲು.”

ಮಾಬ್ಲೇಶ್ವರ ಕೂರಲಿಲ್ಲ. “ನಾ ರಿಪೇರಿಯವ ಅಲ್ಲ ಮೋಹನಣ್ಣ. ಪ್ರೋಗ್ರಾಮು ಬರೆಯೋನು.”

“ಹೌದಾ? ಆತು. ಹೇಳು ಹಂಗಾರೆ.”

ಅವನು ಹೇಳಿದ. ಲ್ಯಾಪ್‌ಟಾಪು ತೆರೆದು, ಚಿತ್ರ ಬರೆದು ತಂದದ್ದನ್ನು ತೋರಿಸುತ್ತ ಮುಕ್ಕಾಲು ಗಂಟೆ ಹೇಳಿದ. ಅಷ್ಟು ಉದ್ದ ಅವನು ಮಾತಾಡಿ ಎಷ್ಟು ವರ್ಷವಾಗಿತ್ತೋ. ಬೋಟಿನ ಹೆಸರು ಇಲ್ಲಿ ಬರುತ್ತದೆ ಎಂದ. ಮೇಸ್ತರು ಆತು ಎಂದರು. ಎಷ್ಟು ಐಸು ಬೇಕು ಎಂಬುದು ಇಲ್ಲಿ, ಆತು. ಪಾಳಿ ಹತ್ತಿರ ಬಂದಾಗ ಮೊಬೈಲು ಕೂಗುತ್ತದೆ, ಆತು. ನಡುವೆ ಮೇಸ್ತರಿಗೆ ಎರಡು ಫೋನು ಬಂತು, ಕೊಂಕಣಿಯಲ್ಲಿ ಮಾತಾಡಿ ಮುಗಿಸಿದರು. ಶೇಂಗಾ ಸಿಪ್ಪೆಯನ್ನು ಕಾಗದದ ಮೇಲೆ ಗುಡ್ಡೆ ಮಾಡಿದರು, ಕೆಡವಿ ಮತ್ತೆ ಗುಡ್ಡೆ ಮಾಡಿದರು. ಒಮ್ಮೆ ಕಿಟಕಿಯ ಹೊರಗೆ ಉಗುಳಿ ಬಂದರು. ಬಂದು ಕೂತು ಮತ್ತೆ ಆತು ಎಂದರು. ಕಡೆಗೆ ಚಾ ಬಂತು. ಚಾ ಕುಡಿದು ಲೋಟ ಕೆಳಗಿಟ್ಟು, ಎರಡೂ ಕೈಯನ್ನು ತೊಡೆಯ ಮೇಲೆ ತಟ್ಟಿದರು.

“ಆತು ತಮಾ. ಚಲೋ ಆತು. ನೋಡ್ವಾ ಮತ್ತೆ.”

ಒಂಬತ್ತು ಸಲ. ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಮಾಬ್ಲೇಶ್ವರ ಎಣಿಸಿಕೊಂಡ. ಒಂದು ಸಲವೂ ಬೇಡ ಎನ್ನಲಿಲ್ಲ.

ನಮ್ಮ ಕಡೆಯ ಈ ‘ಆತು’ ಎಂಬ ಮಾತಿಗೆ ತಳಬುಡ ಇಲ್ಲ. ಅನ್ನ ಬೆಂದರೂ ಆತು, ಮದುವೆ ಮುಗಿದರೂ ಆತು, ಮುದುಕ ತೀರಿಕೊಂಡರೂ ಆತು. ಒಪ್ಪಿದೆ ಎನ್ನಲಿಕ್ಕೂ ಆತು, ಬಡಿಸುವವಳಿಗೆ ಸಾಕು ಎನ್ನಲಿಕ್ಕೂ ಆತು, ಕೊರೆಯುವವನಿಗೆ ಇನ್ನು ಏಳು ಮಾರಾಯ ಎನ್ನಲಿಕ್ಕೂ ಅದೇ ಆತು. ಯಾವುದು ಯಾವುದೆಂದು ತಿಳಿಯಬೇಕಾದರೆ ಹೇಳುವವನ ಮುಖ ನೋಡಬೇಕು, ಕೈ ಎಲ್ಲಿದೆ ನೋಡಬೇಕು, ಕೊನೆಯಲ್ಲಿ ಎಷ್ಟು ಎಳೆದ ಎಂದು ಕೇಳಬೇಕು. ಇದನ್ನು ಯಾರೂ ಕಲಿಸುವುದಿಲ್ಲ. ನಾಲ್ಕು ಜನರ ನಡುವೆ ಕೂತು ಎದ್ದು ಬರುವಂಥದ್ದು. ಮಾಬ್ಲೇಶ್ವರನಿಗೂ ಚಿಕ್ಕಂದಿನಲ್ಲಿ ಬರುತ್ತಿತ್ತು. ಹನ್ನೊಂದು ವರ್ಷ ಬರೆದ ಮಾತನ್ನೇ ಓದಿ ಓದಿ ಆ ಕಿವಿ ಮೊಂಡಾಗಿತ್ತು.

ಅವತ್ತು ಭಾನುವಾರವಲ್ಲ. ಆದರೂ ಖಾನಾವಳಿಗೆ ಹೋದ. ಮಂಗಲಾ ಒಲೆಯ ಮುಂದಿನಿಂದ ಎದ್ದು ಸೆರಗಿನಲ್ಲಿ ಕೈ ಒರೆಸುತ್ತ ಬಂದಳು. ಕೆಲಸ ಸಿಕ್ಕಿತು, ಮೇಸ್ತರು ಆತು ಅಂದರು ಎಂದ. ಅವಳು ಅವನ ಮುಖವನ್ನೇ ನೋಡಿದಳು.

“ಆತು ಅಂದ್ರಾ? ಮೋಹನಣ್ಣ ಅವ್ರೇ ಅಂದ್ರಾ?”

“ಅವ್ರೇ ಅಂದದ್ದು.”

“ಬಾಯಿಬಿಟ್ಟು ಅಂದ್ರಾ?”

ಅಕ್ಕನಿಗೆ ಸಂತೋಷ ತಡೆಯಲಿಕ್ಕೆ ಆಗುತ್ತಿಲ್ಲ, ಅದಕ್ಕೆ ಕೇಳಿದ್ದನ್ನೇ ಕೇಳುತ್ತಾಳೆ ಎಂದು ಅವನು ತಿಳಿದ. ಅವಳು ಮತ್ತೇನೂ ಕೇಳದೆ ಒಳಗೆ ಹೋಗಿ ಅವನಿಗಾಗಿ ಒಂದು ಬಂಗಡೆ ಮೀನು ಹುರಿದು ತಂದಳು.

ಆಗಸ್ಟ್ ಮೊದಲ ತಾರೀಖಿಗೆ ಬೋಟು ನೀರಿಗೆ ಇಳಿಯುತ್ತವೆ. ಅಷ್ಟರೊಳಗೆ ಮುಗಿಯಬೇಕು. ಒಂದು ತಿಂಗಳು ಬೇರೆ ಕೆಲಸ ಆಗುವುದಿಲ್ಲ ಎಂದು ಡೆನ್ಮಾರ್ಕಿನವನಿಗೆ ಬರೆದ. ಅಂಥ ಮಾತು ಅವನಿಗೆ ಬರೆದದ್ದು ಅದೇ ಮೊದಲು. ಮಳೆಯಲ್ಲಿ ಕೊಡೆ ಹಿಡಿದು ಬಂದರಕ್ಕೆ ಎರಡು ಸಲ ಹೋಗಿ, ದಡದಲ್ಲಿದ್ದ ಬೋಟುಗಳ ತಾಡಪಾಲು ಎತ್ತಿ ಎತ್ತಿ ಹೆಸರು ಬರೆದುಕೊಂಡ. ಬಲೆ ಹೆಣೆಯುತ್ತ ಕೂತವರು ಸರ್ಕಾರದವನೋ ಎಂದು ಕೇಳಿದರು. ಐಸ್ ಫ್ಯಾಕ್ಟರಿಯ ಕೆಲಸ ಎಂದ. ಅವರು ಬೀಡಿ ಕೊಡಲು ಬಂದರು. ಸೇದುವುದಿಲ್ಲ ಎಂದು ಹೇಳಿಯೂ ಅವರ ಪಕ್ಕದಲ್ಲಿ ಬಹಳ ಹೊತ್ತು ಕೂತಿದ್ದ.

ಅವನು ಕನ್ನಡದಲ್ಲಿ ಮಾಡಿದ ಮೊದಲ ಪ್ರೋಗ್ರಾಮು ಅದು. ಪರದೆಯ ಮೇಲಿನ ಒಂದೊಂದು ಮಾತಿಗೂ ಒದ್ದಾಡಿದ. ಪಾಳಿ ಎಂಬುದು ಸುಲಭಕ್ಕೆ ಬಂತು. ಕಷ್ಟ ಕೊಟ್ಟದ್ದು ಕಟ್ಟಕಡೆಯ ಗುಂಡಿ. ಐಸು ತುಂಬಿಕೊಂಡ ಮೇಲೆ ಬೋಟಿನವನು ಅದನ್ನು ಒತ್ತಬೇಕು, ಆಗ ಮುಂದಿನವನ ಪಾಳಿ ಬರುತ್ತದೆ. ‘ಮುಗಿಯಿತು’ ಎಂದು ಬರೆದ. ಏನೋ ಕೆಟ್ಟ ಸುದ್ದಿಯ ಹಾಗೆ ಕಂಡಿತು. ‘ಸರಿ’ ಎಂದ, ಮೇಷ್ಟ್ರು ಲೆಕ್ಕ ತಿದ್ದಿದ ಹಾಗೆ. ಎರಡು ದಿನ ತಲೆ ಕೆರೆದು, ಮೂರನೆಯ ದಿನ ‘ಆತು’ ಎಂದು ಬರೆದ. ಹಸಿರು ಗುಂಡಿಯ ಮೇಲೆ ಬಿಳಿಯ ಎರಡು ಅಕ್ಷರ. ಬಂದರದಲ್ಲಿ ಯಾರಿಗೂ ವಿವರಿಸಬೇಕಾದ್ದಿಲ್ಲ. ಎದ್ದು ನಿಂತು ದೂರದಿಂದ ನೋಡಿದ, ಮತ್ತೆ ಹತ್ತಿರ ಬಂದು ನೋಡಿದ.

ಆ ಸಂಜೆ ಗಣಪಿ ಕೊಟ್ಟಿಗೆಗೆ ಹೋಗುವಾಗ ತಾನಾಗಿ ಕರೆದು ನಿಲ್ಲಿಸಿದ. ಹೊನ್ನಾವರದ ಬಂದರದಲ್ಲಿ ಐಸಿಗೆ ಪಾಳಿ ಹಚ್ಚುತ್ತಾರಲ್ಲ, ಆ ಪಾಳಿ ಮೊಬೈಲಿನಲ್ಲಿ ಬರುವ ಹಾಗೆ ಮಾಡುತ್ತಿದ್ದೇನೆ ಎಂದ. ಗಣಪಿಯ ಅಳಿಯ ಬೋಟಿಗೆ ಹೋಗುವವನು. ಅವಳಿಗೆ ಒಂದೇ ಉಸಿರಿಗೆ ತಿಳಿಯಿತು.

“ಹಂಗೆ ಹೇಳು ಮತ್ತೆ! ಇಷ್ಟು ವರ್ಷ ಬಾಯಲ್ಲಿ ಎಂತ ಇಟ್ಕಂಡಿದ್ದೆ?”

ಎರಡು ದಿನದಲ್ಲಿ ಕೇರಿಗೆಲ್ಲ ತಿಳಿಯಿತು. ಹಾಲಿಗೆ ಹೋದಲ್ಲಿ, ಅಕ್ಕಿ ಅಂಗಡಿಯಲ್ಲಿ ಜನ ಪಾಳಿಯ ಸುದ್ದಿ ಕೇಳಿದರು. ಮಾಬ್ಲೇಶ್ವರನ ಮುಂದಿನ ಕೋಣೆಯ ಕಿಟಕಿ ಆ ವಾರ ಸಂಜೆ ಹೊತ್ತು ತೆರೆದಿತ್ತು.

ಜುಲೈ ಕೊನೆಯ ವಾರ ಅವನು ಮತ್ತೆ ಹೊನ್ನಾವರಕ್ಕೆ ಹೋದ. ಬರುತ್ತೇನೆ ಎನ್ನಲು ಮೇಸ್ತರಿಗೆ ಎರಡು ಸಲ ಫೋನು ಮಾಡಿದ್ದ, ಎತ್ತಿರಲಿಲ್ಲ. ಸೀಜನ್ನಿನ ಗಡಿಬಿಡಿ ಎಂದು ತಾನೇ ಸಮಾಧಾನ ಹೇಳಿಕೊಂಡಿದ್ದ. ಬಂದರದಲ್ಲಿ ಗಡಿಬಿಡಿ ಇದ್ದದ್ದು ನಿಜ. ಬೋಟುಗಳಿಗೆ ಬಣ್ಣ ಬಳಿಯುತ್ತಿದ್ದರು, ಐಸು ಯಂತ್ರ ಗುಡುಗುಡು ಎನ್ನುತ್ತಿತ್ತು. ಮಹಡಿಯ ಆಫೀಸಿನಲ್ಲಿ ಮೇಸ್ತರ ಜೊತೆ ಭಟ್ಕಳದ ಜಟ್ಟಿ ಎಂಬ ಬೋಟಿನ ಯಜಮಾನ ಕೂತಿದ್ದ, ಹಳೇ ದೋಸ್ತಿ. ಮೇಸ್ತರು ಇವನನ್ನು ನೋಡಿ ಹುಬ್ಬು ಗಂಟಿಕ್ಕಿದರು. ಯಾರು ಎಂದು ಒಂದು ಗಳಿಗೆ ಹೊಳೆಯಲಿಲ್ಲ.

“ಓ, ಮಂಗಲಕ್ಕನ ತಮ್ಮ! ಬಾ, ಬಾ.”

ಮಾಬ್ಲೇಶ್ವರ ಲ್ಯಾಪ್‌ಟಾಪು ತೆರೆದಿಟ್ಟ. ಪರದೆಯ ಮೇಲೆ ಅರವತ್ತೆರಡು ಬೋಟಿನ ಹೆಸರು ಸಾಲಾಗಿ ಬಂತು. ಮೇಸ್ತರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಇದು ಎಂತ ಎಂದು ಕೇಳಿದರು. ನೀವು ಹೇಳಿದ ಪಾಳಿಯ ಪ್ರೋಗ್ರಾಮು ಎಂದ. ನಾನು ಯಾವಾಗ ಹೇಳಿದೆ ಎಂದರು. ಆ ದಿನ ಆತು ಅಂದಿರಲ್ಲ ಎಂದ.

“ಆತು ಅಂದ್ರೆ ಆತು ಅಂತ ಅಲ್ದಾ ಮಾರಾಯಾ,” ಮೇಸ್ತರು ನಿಜವಾಗಿಯೂ ಕಂಗಾಲಾಗಿ ಹೇಳಿದರು, “ಕೇಳ್ತಾ ಇದ್ದೆ ಅಂತ. ಸುಮ್ನೆ ಹೂಂಗುಟ್ಟಿದ್ದು.”

ಜಟ್ಟಿಗೆ ನಗು ತಡೆಯಲಿಲ್ಲ. “ಇಂವ ಹೆಂಡ್ತಿಗೂ ದಿನಾ ಆತು ಅಂತಾನೆ ತಮಾ. ಇಪ್ಪತ್ತೆಂಟು ವರ್ಷ ಆತು, ಅವ್ಳು ಒಂದಿನಾನೂ ನಂಬಿದ್ದಿಲ್ಲೆ.”

ಮೇಸ್ತರು ಜಟ್ಟಿಯನ್ನು ಗದರಿಸಿದರು. ಕೆಟ್ಟ ಮನುಷ್ಯರಲ್ಲ. ಕುರ್ಚಿಯನ್ನು ಮುಂದೆ ಎಳೆದುಕೊಂಡು, ದನಿ ತಗ್ಗಿಸಿ, ಮಗುವಿಗೆ ಹೇಳುವ ಹಾಗೆ ಹೇಳಿದರು. ತಮಗೆ ಇಂಥದ್ದು ಬೇಕು ಎಂದು ಅನಿಸಿದ್ದೇ ಇಲ್ಲ. ಗುಮಾಸ್ತನ ಪುಸ್ತಕವೇ ಸಾಕು. ಬೇಕಾದವರನ್ನು ಒಂದು ಸಾಲು ಮೇಲೆ ಹಾಕುವುದು, ಬೇಡದವರನ್ನು ಕೆಳಗೆ ಇಳಿಸುವುದು ಪುಸ್ತಕದಲ್ಲಿ ಆಗುತ್ತದೆ, ಮೊಬೈಲಿನಲ್ಲಿ ಎಲ್ಲರಿಗೂ ಕಂಡುಬಿಡುತ್ತದಲ್ಲ. ಮತ್ತೆ ಯಾಕೆ ಕರೆದಿರಿ ಎಂದು ಮಾಬ್ಲೇಶ್ವರ ಕೇಳಿದ. ಕೇಳಬಾರದಿತ್ತು.

“ನಿನ್ನಕ್ಕ ಹೇಳಿದ್ಲು. ತಮ್ಮ ಮನೇಲಿ ಒಬ್ನೇ ಕೂತು ಕೂತು ಮಾತೇ ಬಿಟ್ಟಿದಾನೆ, ಒಂದ್ಸಲ ಕರೆದು ಅವ್ನ ಕೆಲ್ಸದ ಸುದ್ದಿ ಕೇಳಿ ಮೋಹನಣ್ಣ, ಅಷ್ಟಾದ್ರೆ ಸಾಕು ಅಂತ. ಅವ್ಳ ಕೈ ಅನ್ನ ಉಂಡವ್ರು ನಾವು. ಇಲ್ಲ ಅಂತ ಹೇಳೂಕಾಗ್ತದಾ?”

ಕೆಳಗೆ ಐಸು ಪುಡಿ ಮಾಡುವ ಸದ್ದು ಕೇಳುತ್ತಿತ್ತು. ಎದ್ದು ಹೋಗಬೇಕು ಎಂದು ಮಾಬ್ಲೇಶ್ವರನಿಗೆ ಗೊತ್ತು. ಆದರೆ ಎದ್ದರೆ ಆ ಮಾತಿನ ಮೇಲೆಯೇ ಎದ್ದು ಹೋದ ಹಾಗೆ ಆಗುತ್ತದೆ. ಕೈಗೆ ಏನಾದರೂ ಬೇಕಾಗಿತ್ತು. ಕಣ್ಣು ಗೋಡೆಯ ಟಿವಿಯ ಮೇಲೆ ಹೋಯಿತು. ನಾಲ್ಕನೆಯ ಚೌಕ ಇನ್ನೂ ಕಪ್ಪಗೇ ಇತ್ತು.

ಅವನು ಲ್ಯಾಪ್‌ಟಾಪು ಮುಚ್ಚಿ ಚೀಲಕ್ಕೆ ಹಾಕಿದ. ಸ್ಕ್ರೂಡ್ರೈವರು ಇದೆಯೇ ಎಂದು ಕೇಳಿದ. ಕುರ್ಚಿಯ ಮೇಲೆ ಹತ್ತಿ, ಟಿವಿಯ ಹಿಂದಿನ ಪೆಟ್ಟಿಗೆ ಬಿಚ್ಚಿದ. ಉಪ್ಪುಗಾಳಿಗೆ ವಯರಿನ ತುದಿ ಹಸಿರುಗಟ್ಟಿತ್ತು. ಕೆರೆದು, ಹೊಸದಾಗಿ ತುದಿ ಕೂಡಿಸಿ, ಮೊದಲಿನ ಹಾಗೆ ಕಟ್ಟಿದ. ಹತ್ತು ನಿಮಿಷದ ಕೆಲಸ. ಕೈಯೆಲ್ಲ ಜಿಡ್ಡು, ಮಸಿ. ಕಪ್ಪು ಚೌಕದಲ್ಲಿ ಮೊದಲು ಗೆರೆ ಓಡಿತು, ಆಮೇಲೆ ಚಿತ್ರ ನಿಂತಿತು. ಕೆಳಗಿನ ಅಂಗಳ. ಗುಮಾಸ್ತ ಪುಸ್ತಕ ತೆರೆದು ಕೂತಿದ್ದ, ಅವನ ಸುತ್ತ ಆರೇಳು ಜನ ಬಗ್ಗಿ ಬೆರಳು ತೋರಿಸಿ ಕೂಗಾಡುತ್ತಿದ್ದರು. ಸದ್ದು ಬರುತ್ತಿರಲಿಲ್ಲ.

“ಕೈ ಚಲೋ ಅದೆ ಮಾರಾಯಾ,” ಎಂದ ಜಟ್ಟಿ. “ಭಟ್ಕಳಕ್ಕೂ ಒಂದಿನ ಬಾ. ನಮ್ಮನೇದೂ ಬಂದ್ ಆಗ್ಯದೆ.”

“ಆತಾ?” ಮೇಸ್ತರು ಕೇಳಿದರು.

“ಆತು,” ಎಂದು ಮಾಬ್ಲೇಶ್ವರ ಕುರ್ಚಿಯಿಂದ ಇಳಿದ.

ಚಾ ತರಿಸುತ್ತೇನೆ ಎಂದರು. ಬಸ್ಸಿದೆ ಎಂದ. ಮೆಟ್ಟಿಲು ಇಳಿದು, ಗಲಾಟೆಯ ಪಕ್ಕದಲ್ಲಿಯೇ ಹಾದು ಹೊರಗೆ ಬಂದ. ಯಾರೂ ತಲೆ ಎತ್ತಲಿಲ್ಲ. ಬಲೆ ಹೆಣೆಯುವವರು ಅವತ್ತು ಅಲ್ಲಿರಲಿಲ್ಲ. ಬಸ್‌ಸ್ಟ್ಯಾಂಡಿಗೆ ಹಿಂದಿನ ದಾರಿಯೂ ಒಂದಿದೆ, ಖಾನಾವಳಿ ಸಿಗದ ದಾರಿ. ಅದರ ತಿರುವಿನ ತನಕ ಹೋಗಿ ನಿಂತ. ಅಕ್ಕನ ಮೇಲೆ ಸಿಟ್ಟು ತರಿಸಿಕೊಳ್ಳಲು ನೋಡಿದ. ಬರಲಿಲ್ಲ. ಅವಳು ತಪ್ಪು ಹೇಳಿರಲಿಲ್ಲ ಎಂಬುದೇ ಸಿಟ್ಟಿಗೆ ಅಡ್ಡ ಬಂತು. ಊರಿನಲ್ಲಿ ಕೆಲಸ ಗೊತ್ತಾಗಬೇಕು ಎಂದು ಅವನು ಬಯಸಿದ್ದ. ಗೊತ್ತಾದದ್ದು ಅವನ ಒಂಟಿತನ. ಗಣಪಿಗೆ ನಾಳೆ ಎಂತ ಹೇಳಬೇಕು? ಆಗಸ್ಟ್ ಒಂದಕ್ಕೆ ಅವಳ ಅಳಿಯ ಬಂದರದಿಂದ ಫೋನು ಮಾಡಿ, ಪುಸ್ತಕವೇ ಇದೆ ಅತ್ತೆ, ಮೊಬೈಲು ಗಿಬೈಲು ಎಂತದೂ ಇಲ್ಲ ಎನ್ನುತ್ತಾನೆ. ಕಿಟಕಿ ತೆರೆದಿಟ್ಟು ಬಂದದ್ದು ನೆನಪಾಯಿತು.

ಕಿಸೆಯಲ್ಲಿ ಮೊಬೈಲು ಕೂಗಿತು. ತೆಗೆದು ನೋಡಿದ. ಪರೀಕ್ಷೆಗೆಂದು ಅವನೇ ಹಾಕಿಟ್ಟ ಸುಳ್ಳು ಬೋಟು, ಅದಕ್ಕೆ ‘ಶ್ರೀ ಮಂಗಲಾ’ ಎಂದು ಹೆಸರಿಟ್ಟಿದ್ದ. ದಿನಾ ಅದೇ ಹೊತ್ತಿಗೆ ಅದರ ಪಾಳಿ ಬರುತ್ತಿತ್ತು. ಹಸಿರು ಗುಂಡಿ ಕಾಯುತ್ತ ನಿಂತಿತ್ತು. ಅವನು ಒತ್ತಲಿಲ್ಲ. ಮೊಬೈಲು ಕಿಸೆಗೆ ಹಾಕಿ, ತಿರುಗಿ ಖಾನಾವಳಿಯ ದಾರಿ ಹಿಡಿದ.

ಊಟದ ಹೊತ್ತು ಮೀರಿತ್ತು. ಒಳಗೆ ಯಾರೂ ಇರಲಿಲ್ಲ. ಮಂಗಲಾ ಮೂಲೆಯ ಮೇಜಿನ ಮೇಲೆ ಬಟ್ಟಲು ಇಟ್ಟು, ಕುಚ್ಚಿಗೆ ಅನ್ನ ಹಾಕಿ, ಸಾರು ಬಿಟ್ಟಳು. ಕೈ ತೊಳೆಯಲು ನೀರು ಕೊಡುವಾಗ ಅವನ ಬೆರಳು ಕಂಡಿತು.

“ಕೈಗೆ ಎಂತ ಮಸಿ ಅದು?”

“ಅವ್ರ ಕ್ಯಾಮರಾ ಕೆಟ್ಟಿತ್ತು. ಸರಿ ಮಾಡ್ದೆ.”

ಅವಳ ಕೈಯಲ್ಲಿದ್ದ ತಂಬಿಗೆ ಒಂದು ಗಳಿಗೆ ಹಾಗೆಯೇ ನಿಂತಿತು. ತಮ್ಮ ರಿಪೇರಿಗೆ ಕೈ ಹಾಕುವವನಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ನೀರು ಹೊಯ್ದಳು. ಮಸಿ ಹೋಗಲಿಲ್ಲ, ಮತ್ತೆ ಹೊಯ್ದಳು. ಅವನು ತಲೆ ತಗ್ಗಿಸಿ ಉಣ್ಣತೊಡಗಿದ. ಅವಳು ಅನ್ನದ ಪಾತ್ರೆ ಹಿಡಿದುಕೊಂಡು ಪಕ್ಕದಲ್ಲಿಯೇ ನಿಂತಳು. ಅರ್ಧ ಊಟ ಮುಗಿಯುವ ತನಕ ತಡೆದಳು.

“ಎಂತ ಆತು ಮಾಬ್ಲಾ?”

ಕೇಳುತ್ತಲೇ ಅವಳು ಒಂದು ಸೌಟು ಅನ್ನ ಎತ್ತಿದ್ದಳು. ಅವನು ಎಡಗೈಯನ್ನು ಬಟ್ಟಲಿನ ಮೇಲೆ ಅಡ್ಡ ಹಿಡಿದ.

“ಆತು,” ಎಂದ.

ಅನ್ನ ಸಾಕು ಎಂದನೋ, ಕೇಳಿದ್ದಕ್ಕೆ ಉತ್ತರ ಹೇಳಿದನೋ. ಮಂಗಲಾ ಸೌಟು ಹಿಡಿದುಕೊಂಡು ಅವನ ಮುಖ ನೋಡಿದಳು, ಅಡ್ಡ ಹಿಡಿದ ಕೈ ನೋಡಿದಳು. ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಸೌಟಿನಲ್ಲಿದ್ದ ಅನ್ನವನ್ನು ಬಟ್ಟಲಿಗೆ ಹಾಕಿದಳು.